ಕುರ್ಚಿಯಲ್ಲಿ ಕೂತು ಮಾಡುವ ಕೆಲಸ

ಅಮೂರ್ತ ಚಿತ್ರ ಬರೆಯುವವರ ಬಗ್ಗೆ ಜನರಲ್ಲಿ ಎರಡು ನಂಬಿಕೆಗಳಿವೆ. ಒಂದು, ಇವರಿಗೆ ಮನುಷ್ಯನ ಮೂಗು ಬರೆಯಲು ಬರುವುದಿಲ್ಲ. ಇನ್ನೊಂದು, ಇವರ ಮೈಮೇಲೆ ಏನೋ ಆವೇಶ ಬರುತ್ತದೆ, ಅದು ಇಳಿಯುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ. ಮೊದಲನೆಯದಕ್ಕೆ ಉತ್ತರ ಕೊಡುವ ಉತ್ಸಾಹ ನನಗೆ ಉಳಿದಿಲ್ಲ. ಎರಡನೆಯದರಿಂದ ಮಾತ್ರ ಹಾನಿಯಿದೆ. ಹೊಸದಾಗಿ ಬ್ರಷ್ ಹಿಡಿದ ಹುಡುಗ ಹುಡುಗಿಯರೂ ಅದನ್ನು ನಂಬಿ ಆವೇಶಕ್ಕೆ ಕಾಯುತ್ತಾ ಕೂರುತ್ತಾರೆ. ಅದು ಬಾರದಿದ್ದರೆ ತಮಗೆ ಪ್ರತಿಭೆ ಇಲ್ಲವೆಂದುಕೊಳ್ಳುತ್ತಾರೆ. ಕುಂದಾಪುರದ ಹತ್ತಿರದ ಹಳೆಯ ಮನೆಯೊಂದರ ಚಾವಡಿಯಲ್ಲಿ ಇಷ್ಟು ವರ್ಷ ಬಣ್ಣದ ಜೊತೆ ಏಗಿ ಕಲಿತದ್ದನ್ನು ಅಂಥವರಿಗಾಗಿ ಬರೆದಿಡುತ್ತಿದ್ದೇನೆ. ಅಂಕಿಗಳ ಕ್ರಮಕ್ಕೆ ಹೆಚ್ಚಿನ ಅರ್ಥವಿಲ್ಲ.

1. ಒಂದೇ ವಸ್ತುವನ್ನು ಬಹಳ ಕಾಲ ನೋಡಿರಬೇಕು

"ಮೊದಲು ಸರಿಯಾಗಿ ಡ್ರಾಯಿಂಗ್ ಕಲಿ, ಅಮೂರ್ತ ಆಮೇಲೆ" ಎಂಬ ಉಪದೇಶ ಕೇಳಿಯೇ ನಾನೂ ಬೆಳೆದೆ. ಅದರಲ್ಲಿ ಅರ್ಧ ನಿಜವಿದೆ. ಆದರೆ ಮೂಗನ್ನು ಮೂಗಿನಂತೆಯೇ ಬರೆಯುವ ಕೈಚಳಕ ಇದ್ದವರೆಲ್ಲ ಆಕಾರ ಬಿಟ್ಟ ಮೇಲೆ ದಡ ಸೇರಿದ್ದನ್ನು ನಾನು ಕಂಡಿಲ್ಲ. ಒಂದು ವಸ್ತುವಿನ ಮುಂದೆ ಬೇಸರ ಬರುವ ತನಕ ನಿಂತು, ಬೇಸರ ಕಳೆದ ಮೇಲೂ ನಿಂತಿರುವ ಅಭ್ಯಾಸ ಇದೆಯೋ ಇಲ್ಲವೋ, ನಾನು ಅದನ್ನು ಕೇಳುತ್ತೇನೆ.

ಡಚ್ ಕಲಾವಿದ ಪೀಟ್ ಮೊಂಡ್ರಿಯನ್‌ನ ಮೂರು ಮರಗಳನ್ನು ಅಕ್ಕಪಕ್ಕ ಇಟ್ಟು ನೋಡಿ: 1908ರಿಂದ 1910ರ ನಡುವಿನ ಕೆಂಪು ಮರ, 1911ರ ಬೂದು ಮರ, 1912ರ ಹೂಬಿಟ್ಟ ಸೇಬಿನ ಮರ. ಕೆಂಪು ಮರದಲ್ಲಿ ಕಾಂಡ, ಕೊಂಬೆ, ನೆಲ ಎಲ್ಲವೂ ಗುರುತು ಸಿಗುತ್ತವೆ. ಬೂದು ಮರದಲ್ಲಿ ಕೊಂಬೆಗಳ ನಡುವಿನ ಆಕಾಶದ ತುಂಡುಗಳಿಗೂ ಕೊಂಬೆಯಷ್ಟೇ ಗಟ್ಟಿತನ ಬಂದಿದೆ. ಮೂರನೆಯದರಲ್ಲಿ ಉಳಿದಿರುವುದು ಬಾಗಿದ ಗೆರೆಗಳು ಮತ್ತು ಅವುಗಳ ನಡುವೆ ಸಿಕ್ಕಿಬಿದ್ದ ಜಾಗಗಳು ಮಾತ್ರ. ಮರವನ್ನು ಬಿಸಾಡಿ ಆತ ಅಲ್ಲಿಗೆ ಹೋದದ್ದಲ್ಲ. ಕೊಂಬೆಗಿಂತ ಸಂದು ಮುಖ್ಯವೆಂದು ನೋಡಿ ನೋಡಿ ಕಂಡುಕೊಂಡ. ನಮ್ಮಲ್ಲಿ ರಾಮ್ ಕುಮಾರ್ ಅವರದ್ದೂ ಇಂಥದ್ದೇ ದಾರಿ. ಮೊದಲು ನಗರದ ಒಂಟಿ ಮನುಷ್ಯರನ್ನು ಬರೆಯುತ್ತಿದ್ದವರು 1960ರ ಆಸುಪಾಸಿನಲ್ಲಿ ಕಾಶಿಗೆ ಹೋದರು. ಘಾಟುಗಳು, ಒತ್ತೊತ್ತಾದ ಮನೆಗಳು ಬಂದವು, ಮನುಷ್ಯರು ಚಿತ್ರದಿಂದ ಎದ್ದುಹೋದರು. ಮುಂದೆ ಮನೆಗಳೂ ಕರಗಿ ಬಣ್ಣದ ಹಲಗೆಗಳಷ್ಟೇ ಉಳಿದವು.

ನನ್ನ ಪಾಲಿಗೆ ಬಂದದ್ದು ಮುರಕಲ್ಲಿನ ಪಾಗಾರ, ಅಂದರೆ ಮನೆಯ ಸುತ್ತಲಿನ ಗೋಡೆ. ಮೇ ತಿಂಗಳಲ್ಲಿ ಅದು ತುಕ್ಕಿನ ಬಣ್ಣ. ಮಳೆ ಹಿಡಿದ ಮೇಲೆ ಕೆಳಗಿನಿಂದ ಕಪ್ಪು ಏರುತ್ತದೆ, ಮೇಲಿನಿಂದ ನೀರಿನ ಕರೆ ಇಳಿಯುತ್ತದೆ. ಎರಡೂ ನಡುವಿನಲ್ಲಿ ಎಲ್ಲೋ ಸೇರುತ್ತವೆ, ಆದರೆ ಸೇರುವ ಗೆರೆ ಎಂದೂ ನೇರ ಇರುವುದಿಲ್ಲ. ಪಾಚಿ ಮೊದಲು ಹಿಡಿಯುವುದು ಕಲ್ಲಿನ ತೂತುಗಳಲ್ಲಿ, ಕೊನೆಗೆ ಅಂಚುಗಳಲ್ಲಿ. ದೀಪಾವಳಿ ಕಳೆದ ಮೇಲೆ ಆ ಹಸಿರು ಒಣಗಿ ಬೂದಿಯಾಗುತ್ತದೆ, ಒಳಗಿನ ಕೆಂಪು ಅಲ್ಲಲ್ಲಿ ಇಣುಕುತ್ತದೆ. ನನ್ನ ಚಿತ್ರಗಳಲ್ಲಿ ಪಾಗಾರವನ್ನು ಗುರುತಿಸಿದವರು ಇಷ್ಟು ಕಾಲದಲ್ಲಿ ಒಬ್ಬರೇ. ಅವರ ವಿಷಯ ಮುಂದೆ ಬರುತ್ತದೆ. ಗುರುತಿಸಲೇಬೇಕೆಂದು ನಾನು ಬಯಸಿದ್ದೂ ಇಲ್ಲ. ಯಾವ ಬಣ್ಣ ಎಲ್ಲಿಂದ ಏರಬೇಕು, ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವಾಗ ಆ ಕಲ್ಲು ಬೆನ್ನ ಹಿಂದೆ ಇರುತ್ತದೆ, ಅಷ್ಟು ಸಾಕು.

2. ಗೋಡೆ ಮೊದಲು, ಗೆರೆ ಆಮೇಲೆ

ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದು ಒಣಗಿದ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಕಪ್ಪಿಗೆ ಕರಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ನೋಡುವವರ ಕಣ್ಣು ಗೆರೆಯ ಮೇಲಿರುತ್ತದೆ. ಆ ಗೆರೆ ಹರಡದೆ, ಉದುರದೆ ನಿಲ್ಲುವುದು ಕೆಳಗಿನ ಸಾರಣೆಯ ಪುಣ್ಯದಿಂದ.

ಕ್ಯಾನ್ವಾಸಿನಲ್ಲೂ ಹಾಗೆಯೇ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕ್ಯಾನ್ವಾಸಿಗೆ ಜೆಸ್ಸೊ, ಅಂದರೆ ಬಣ್ಣದ ಕೆಳಗಿನ ಬಿಳಿ ನೆಲ, ಬಳಿದೇ ಕೊಟ್ಟಿರುತ್ತಾರೆ, ಆದರೂ ನಾನು ಇನ್ನೆರಡು ಕೈ ಬಳಿಯುತ್ತೇನೆ: ಒಂದು ಅಡ್ಡ, ಒಂದು ಉದ್ದ, ನಡುವೆ ಒಮ್ಮೆ ಸ್ಯಾಂಡ್‌ಪೇಪರ್. ನೆಲ ಎಷ್ಟು ಹೀರುತ್ತದೆ ಎಂಬುದು ಗೊತ್ತಿಲ್ಲದೆ ತೆಳು ಬಣ್ಣ ಹಾಕಿದರೆ ಒಂದೋ ಅದು ಪೂರಾ ಇಂಗಿ ಮಂಕಾಗುತ್ತದೆ, ಇಲ್ಲವೇ ಜಾರಿ ಕೆಳಗೆ ಹೋಗುತ್ತದೆ. ಆಮೇಲೆ ಬರ್ಂಟ್ ಸಿಯೆನ್ನಾವನ್ನು ನೀರಿನಷ್ಟು ತೆಳುಮಾಡಿ ಇಡೀ ಬಟ್ಟೆಗೆ ಒಂದು ಒರೆಸು. ಅಚ್ಚ ಬಿಳಿಯ ಮೇಲೆ ಯಾವ ಬಣ್ಣ ಇಟ್ಟರೂ ಗಾಢವಾಗಿ ಕಾಣುತ್ತದೆ, ಅಂದಾಜು ತಪ್ಪುತ್ತದೆ. ಕೆಳಗೆ ಮಧ್ಯಮ ಛಾಯೆ ಇದ್ದರೆ ತಿಳಿ ಯಾವುದು, ಗಾಢ ಯಾವುದು ಎಂದು ಮೊದಲ ಹೊಡೆತದಿಂದಲೇ ತಿಳಿಯುತ್ತದೆ.

3. ಐದು ಟ್ಯೂಬು ಸಾಕು

ಟೈಟಾನಿಯಂ ವೈಟ್, ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ, ರಾ ಅಂಬರ್, ಯೆಲ್ಲೊ ಓಕರ್. ಕಪ್ಪನ್ನು ನಾನು ಕೊಳ್ಳುವುದೇ ಇಲ್ಲ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಬೆರೆಸಿದರೆ ಸಿಗುವ ಕಪ್ಪು ಟ್ಯೂಬಿನ ಕಪ್ಪಿಗಿಂತ ಜೀವಂತ. ನೀಲಿ ಒಂದು ತೂಕ ಹೆಚ್ಚಾದರೆ ತಣ್ಣಗಾಗುತ್ತದೆ, ಕಂದು ಹೆಚ್ಚಾದರೆ ಬೆಚ್ಚಗಾಗುತ್ತದೆ, ತುಸು ಬಿಳಿ ಸೇರಿಸಿದ ತಕ್ಷಣ ಅದರ ಗುಟ್ಟು ಬಯಲಾಗುತ್ತದೆ. ಈ ಒಂದು ಜೋಡಿಯಿಂದ ಹುಟ್ಟುವ ಬೂದುಗಳೇ ಒಬ್ಬ ಮನುಷ್ಯನಿಗೆ ಬಹಳ ಕಾಲ ಬರುತ್ತವೆ.

ಜೋಸೆಫ್ ಆಲ್ಬರ್ಸ್ 1950ರಲ್ಲಿ ಚೌಕದೊಳಗೆ ಚೌಕ ಇಡುವ ಒಂದು ಸರಣಿ ಶುರುಮಾಡಿ 1976ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಬರೆದರು. ಸಾವಿರಕ್ಕೂ ಹೆಚ್ಚು ಚಿತ್ರಗಳಾದವು. 1963ರಲ್ಲಿ ಬಂದ ಅವರ ಬಣ್ಣದ ಪುಸ್ತಕದ ಮುಖ್ಯ ಪಾಠವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿ ನೋಡಬಹುದು: ಒಂದೇ ಬೂದು ಕಾಗದದ ಎರಡು ಚೂರು ಕತ್ತರಿಸಿ, ಒಂದನ್ನು ಹಳದಿಯ ಮೇಲೆ, ಇನ್ನೊಂದನ್ನು ಕಡುನೀಲಿಯ ಮೇಲೆ ಇಡಿ. ಅವೆರಡೂ ಒಂದೇ ಎಂದು ಗೊತ್ತಿದ್ದರೂ ಕಣ್ಣು ಒಪ್ಪುವುದಿಲ್ಲ. ಹಾಗಾಗಿ ತಟ್ಟೆಯಲ್ಲಿ ಕಂಡ ಬಣ್ಣಕ್ಕೆ ಮರುಳಾಗಬೇಡಿ, ಅದು ಇನ್ನೊಂದರ ಪಕ್ಕ ಕೂತ ಮೇಲೆಯೇ ಅದರ ಬಣ್ಣ ತಿಳಿಯುವುದು.

ಅಕ್ರಿಲಿಕ್‌ನವರಿಗೆ ಇನ್ನೊಂದು ಮಾತು. ಅದು ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಹಸಿಯಿರುವಾಗ ಅದರ ಅಂಟು ಹಾಲಿನಂತೆ ಬೆಳ್ಳಗಿದ್ದು, ಒಣಗಿದ ಮೇಲೆ ಪಾರದರ್ಶಕವಾಗುವುದೇ ಇದಕ್ಕೆ ಕಾರಣ. ಕಾಗದದ ತುಂಡಿಗೆ ಒಂದು ತೊಟ್ಟು ಹಚ್ಚಿ ಹೇರ್ ಡ್ರೈಯರ್ ಹಿಡಿದು ನೋಡಿಕೊಂಡು ಮುಂದುವರಿಯಿರಿ.

4. ಮಳೆಗಾಲಕ್ಕೆ ಒಂದು ಬಣ್ಣ, ಬೇಸಿಗೆಗೆ ಇನ್ನೊಂದು

ಕಲಾಶಾಲೆಯಲ್ಲಿ ಇದನ್ನು ಹೇಳಿಕೊಡುವುದು ಕಡಿಮೆ, ಏಕೆಂದರೆ ಪಠ್ಯಗಳು ಎಲ್ಲೋ ತಣ್ಣನೆಯ ಒಣ ದೇಶದಲ್ಲಿ ಬರೆದವು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಬಣ್ಣ ನಮ್ಮ ಮಾತು ಕೇಳುವುದಿಲ್ಲ. ತೈಲವರ್ಣ ನೀರು ಆರಿ ಒಣಗುವ ಸಾಮಾನಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಅದಕ್ಕೆ ದಿನಗಟ್ಟಲೆ ಬೇಕು. ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ: ರಾ ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ, ಟೈಟಾನಿಯಂ ವೈಟ್ ನಿಧಾನ. ನಿಧಾನದ್ದು ಕೆಳಗೆ, ಬೇಗನೆಯದು ಮೇಲೆ ಬಂದರೆ ಮೇಲಿನ ಪದರ ಮುಂದೊಂದು ದಿನ ಬಿರಿಯುತ್ತದೆ. ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂಬ ಹಳೆಯ ನಿಯಮ ಹುಟ್ಟಿದ್ದು ಹೀಗೆ.

ನಾನು ಜೂನ್‌ನಿಂದ ದೀಪಾವಳಿಯವರೆಗೆ ಅಕ್ರಿಲಿಕ್, ಆಮೇಲೆ ತೈಲ ಎಂದು ವರ್ಷವನ್ನೇ ಹಂಚಿಕೊಂಡಿದ್ದೇನೆ. ಅಕ್ರಿಲಿಕ್‌ನದ್ದೂ ಚೇಷ್ಟೆಗಳಿವೆ. ಮೇಲೆ ಒಣಗಿದಂತೆ ಕಂಡರೂ ದಪ್ಪಗೆ ಬಳಿದಲ್ಲಿ ಒಳಗೆ ಹಸಿಯಿರುತ್ತದೆ. ಸೆಕೆಗೆ ಅದು ಮೆತ್ತಗಾಗುವುದರಿಂದ ಎರಡು ಚಿತ್ರಗಳನ್ನು ಮುಖಕ್ಕೆ ಮುಖ ತಾಗಿಸಿ ಇಟ್ಟರೆ ಅಂಟಿಕೊಂಡು ಕೂರುತ್ತವೆ, ಬಿಡಿಸುವಾಗ ಒಂದರ ಚರ್ಮ ಇನ್ನೊಂದಕ್ಕೆ ಹೋಗುತ್ತದೆ. ಬೂಷ್ಟು ಹಿಡಿಯುವುದು ಹಿಂಬದಿಯಿಂದ. ಮುಂದೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ನೆಲಕ್ಕೆ ರೀಪು ಹಾಕಿ ಅದರ ಮೇಲೆ ನಿಲ್ಲಿಸಿ, ಹೊರಗೋಡೆಗೆ ಒರಗಿಸದೆ ಗಾಳಿಗೆ ಜಾಗ ಬಿಡಿ, ಫ್ಯಾನು ಓಡುತ್ತಿರಲಿ. ಕರೆಂಟಿನ ಬಿಲ್ಲನ್ನು ಬಣ್ಣದ ಖರ್ಚಿಗೆ ಸೇರಿಸಿಕೊಳ್ಳುವುದು ನ್ಯಾಯ.

5. ಕುರ್ಚಿ

ನನ್ನ ಚಾವಡಿಯಲ್ಲಿ ಅತಿ ಹೆಚ್ಚು ಸವೆದ ಸಾಮಾನು ಕುರ್ಚಿ. ಕ್ಯಾನ್ವಾಸಿನಿಂದ ಎಂಟು ಅಡಿ ದೂರ, ಎಂಟು ಅಡಿಯೆಂದರೆ ಕೈ ಚಾಚಿದರೂ ಬ್ರಷ್ ತಾಗದಷ್ಟು. ದಿನದ ಹೆಚ್ಚಿನ ಹೊತ್ತು ನಾನು ಅದರಲ್ಲಿ ಇರುತ್ತೇನೆ. ಮನೆಗೆ ಬಂದವರಿಗೆ ನಾನು ಸುಮ್ಮನೆ ಕೂತಿರುವಂತೆ ಕಾಣುತ್ತದೆ, ಎದ್ದು ಬಣ್ಣ ಬಳಿಯುವಾಗ ಮಾತ್ರ ಕೆಲಸ ನಡೆಯುತ್ತಿದೆ ಎಂದು ಅವರ ಭಾವನೆ. ಇದು ತಿರುವುಮುರುವು. ಬಳಿಯುವುದು ಕುರ್ಚಿಯಲ್ಲಿ ಆದ ತೀರ್ಮಾನದ ಜಾರಿ.

ಈ ಮಾತಿಗೆ ನನಗಿರುವ ದೊಡ್ಡ ಆಧಾರ ವಾಸುದೇವ ಗಾಯ್ತೊಂಡೆ. ಗೋವಾ ಮೂಲದವರು, 1924ರಲ್ಲಿ ನಾಗಪುರದಲ್ಲಿ ಹುಟ್ಟಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು, ಆಮೇಲೆ ದೆಹಲಿಯ ನಿಜಾಮುದ್ದೀನ್‌ನಲ್ಲಿ ನೆಲೆಸಿದವರು. ರೋಲರ್ ಮತ್ತು ಪ್ಯಾಲೆಟ್ ನೈಫ್ ಅವರ ಮುಖ್ಯ ಸಲಕರಣೆಗಳು. ಪದರದ ಮೇಲೆ ಪದರ ಬಳಿದು, ಹಸಿ ಬಣ್ಣವನ್ನು ಪತ್ರಿಕೆಯ ಹರಿದ ಚೂರುಗಳಿಂದ ಎತ್ತಿ, ಮತ್ತೆ ಬಳಿದು, ಮತ್ತೆ ಕೆರೆಯುವ ಕ್ರಮ. ವರ್ಷಕ್ಕೆ ಅವರು ಮುಗಿಸುತ್ತಿದ್ದುದು ಬೆರಳೆಣಿಕೆಯ ಚಿತ್ರಗಳನ್ನು. ಉಳಿದ ಹೊತ್ತೆಲ್ಲ ಯೋಚನೆ, ನೋಟ. ಅವರು ತೀರಿಕೊಂಡದ್ದು 2001ರಲ್ಲಿ. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಜೀವಮಾನದ ಕೆಲಸವನ್ನು ಒಟ್ಟಿಗೆ ತೋರಿಸಿತು.

ಕೂತು ನೋಡುವುದೆಂದರೆ ಏನು ನೋಡುವುದು? ಹುಡುಗರು ಕೇಳುತ್ತಾರೆ, ಸರಿಯಾದ ಪ್ರಶ್ನೆಯೇ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಹೊರಬರಲು ದಾರಿಯಿದೆಯೇ, ಇಡೀ ಚಿತ್ರದಲ್ಲಿ ಕಣ್ಣು ಒಮ್ಮೆಯೂ ಹೋಗದೆ ಉಳಿದ ಜಾಗ ಯಾವುದು. ನಾನು ಕಣ್ಣನ್ನು ಅರ್ಧ ಮುಚ್ಚಿ ನೋಡುತ್ತೇನೆ, ವಿವರ ಹೋಗಿ ಗಾಢ–ತಿಳಿ ಮಾತ್ರ ಉಳಿಯುತ್ತದೆ. ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು ನೋಡುವುದೂ ಅದಕ್ಕೇ. ಬಣ್ಣ ಹೋದ ಮೇಲೆ ಚಿತ್ರ ಕುಸಿದುಬಿದ್ದರೆ ಅದನ್ನು ಎತ್ತಿ ನಿಲ್ಲಿಸಿದ್ದು ಬಣ್ಣದ ಮೋಹ ಮಾತ್ರ ಎಂದು ತಿಳಿಯುತ್ತದೆ. ಕ್ಯಾನ್ವಾಸನ್ನು ತಲೆಕೆಳಗು ಮಾಡಿ ಒಂದು ದಿನ ಬಿಡುವುದೂ ಉಂಟು. ಕ್ಯಾಂಡಿನ್‌ಸ್ಕಿ ಮ್ಯೂನಿಕ್‌ನಲ್ಲಿದ್ದಾಗ ಒಂದು ಮುಸ್ಸಂಜೆ ತನ್ನ ಕೋಣೆಗೆ ಬಂದು, ಗೋಡೆಗೆ ಒರಗಿದ್ದ ಗುರುತೇ ಸಿಗದ ಒಂದು ಅದ್ಭುತ ಚಿತ್ರ ಕಂಡು ಬೆರಗಾದ. ಹತ್ತಿರ ಹೋದರೆ ಅದು ಮಗ್ಗುಲಾಗಿ ನಿಂತಿದ್ದ ಆತನದೇ ಚಿತ್ರ. ಈ ಕತೆಯನ್ನು 1913ರ ತನ್ನ ನೆನಪುಗಳಲ್ಲಿ ಆತನೇ ಬರೆದಿದ್ದಾನೆ. ಜನ ಇದನ್ನು ಚಮತ್ಕಾರದಂತೆ ಹೇಳುತ್ತಾರೆ. ಮರುದಿನ ಹಗಲಿನಲ್ಲಿ ಆ ಅನುಭವ ಪೂರ್ತಿ ಮರಳಿ ಬರಲಿಲ್ಲವೆಂದೂ ಆತ ಬರೆದದ್ದನ್ನು ಬಿಟ್ಟುಬಿಡುತ್ತಾರೆ.

ನನ್ನ ಒಂದು ಕಟ್ಟಳೆ ಇದೆ: ಮುಂದಿನ ಹೊಡೆತ ಏನು ಮಾಡಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬಾಯಿಬಿಟ್ಟು ಹೇಳಲು ಬರದಿದ್ದರೆ ಕುರ್ಚಿಯಿಂದ ಏಳಬಾರದು. "ಬಲಗಡೆಯ ಭಾರ ಇಳಿಸಬೇಕು", "ಈ ಅಂಚು ಇಷ್ಟು ಚೂಪು ಬೇಡ", ಇಷ್ಟೇ. ಹೊಡೆತ ಹೇಳಿದ್ದಕ್ಕಿಂತ ಬೇರೆಯದನ್ನೇ ಮಾಡಬಹುದು, ಮಾಡುತ್ತದೆ ಕೂಡ. ಆಗ ಮತ್ತೆ ಕೂರುವುದು.

6. ಚೆಂದದ ಮೂಲೆಯ ಕಾಟ

ಅಮೂರ್ತ ಚಿತ್ರವನ್ನು ಕೆಡಿಸುವುದು ಹೆಚ್ಚಾಗಿ ಅದರ ಅತಿ ಚೆಂದದ ಭಾಗ. ಒಂದು ಚಿತ್ರವನ್ನೇ ಹೇಳುತ್ತೇನೆ. ಅರ್ಧ ಒಣಗಿದ ಓಕರ್ ಮೇಲೆ, ಎಡಗಡೆಯ ಮೇಲಿನ ಮೂಲೆಯಲ್ಲಿ, ನೀರಾದ ಅಲ್ಟ್ರಾಮರೀನ್ ತಾನಾಗಿ ಹರಿದು ನಿಂತಿತ್ತು. ನೀಲಿಯ ಕಣಗಳು ಬಟ್ಟೆಯ ನೇಯ್ಗೆಯ ಕುಳಿಗಳಲ್ಲಿ ಕೂತು, ಉಬ್ಬಿನ ಮೇಲೆ ಓಕರ್ ಹಾಗೇ ಉಳಿದು, ಅಂಚಿನಲ್ಲಿ ಕೂದಲೆಳೆಯಷ್ಟು ಗಾಢ ಗೆರೆಯೊಂದು ತಾನೇ ಕಟ್ಟಿಕೊಂಡಿತ್ತು. ಬೇಕೆಂದು ಮಾಡಲು ಹೋದರೆ ಬರುವಂಥದ್ದಲ್ಲ. ಅಲ್ಲಿಂದ ಮುಂದೆ ಆ ಚಿತ್ರದಲ್ಲಿ ನಡೆದದ್ದೆಲ್ಲ ಆ ಅಂಗೈಯಗಲದ ನೀಲಿಯನ್ನು ಕಾಪಾಡುವ ಕೆಲಸ. ಅದಕ್ಕೆ ಹೊಂದಲೆಂದು ಬಲಗಡೆ ಬೂದು ತಂದದ್ದಾಯಿತು, ಅದು ಮಂಕಾಗಬಾರದೆಂದು ನಡುವಿನ ಕೆಂಪು ತೆಗೆದದ್ದಾಯಿತು, ಕೆಳಭಾಗವನ್ನು ಮುಟ್ಟಲೇ ಇಲ್ಲ. ಕೊನೆಗೆ ಉಳಿದದ್ದು ನೀಲಿ ಮೂಲೆ ಮತ್ತು ಅದರ ಸುತ್ತ ಕೈಕಟ್ಟಿ ನಿಂತ ಖಾಲಿ.

ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಆ ನೀಲಿಯನ್ನು ಉಜ್ಜಿದೆ. ಗಾಢ ಅಂಚು ಮೊದಲು ಹೋಯಿತು, ಕುಳಿಗಳಲ್ಲಿ ಕೂತಿದ್ದು ಹೋಗಲಿಲ್ಲ. ಓಕರ್ ತುಂಬ ನೀಲಿ ಚುಕ್ಕಿಗಳ ಒಂದು ಮಬ್ಬು ಉಳಿಯಿತು. ಅದಾದ ಮೇಲೆಯೇ ಕಣ್ಣು ಕೆಳಗೆ ಇಳಿಯಲು ಶುರುಮಾಡಿದ್ದು, ಕೆಳಗಿನಿಂದ ಏರುವ ಕಪ್ಪಿಗೆ ಅಲ್ಲಿ ಜಾಗ ಇದೆಯೆಂದು ಕಂಡದ್ದು.

ಹಾಗೆಂದು ಚೆಂದ ಕಂಡದ್ದನ್ನೆಲ್ಲ ಅಳಿಸುತ್ತ ಹೋಗುವುದೂ ಒಂದು ಚಟವೇ. ಅಂಥ ಮೂಲೆ ಬಂದಾಗ ಅದನ್ನು ಕೈಯಿಂದ ಮುಚ್ಚಿ, ಉಳಿದ ಚಿತ್ರ ನಿಲ್ಲುತ್ತದೆಯೇ ನೋಡಿ. ನಿಂತರೆ ಮೂಲೆ ಇರಲಿ.

7. ಕೈಗೆ ಪಳಗಿದ್ದನ್ನು ಆಗಾಗ ಕಸಿದುಕೊಳ್ಳಿ

ಬ್ರಷ್ ಹಿಡಿದ ಕೈ ತನಗೆ ಗೊತ್ತಿದ್ದ ಕಮಾನನ್ನೇ ಮತ್ತೆ ಮತ್ತೆ ಎಳೆಯುತ್ತದೆ. ಮೇಸ್ತ್ರಿಯ ಕರಣೆ, ಗಾಜು ಒರೆಸುವ ರಬ್ಬರ್ ಪಟ್ಟಿ, ಹಳೆಯ ಎಟಿಎಂ ಕಾರ್ಡು ನನಗೆ ಒದಗಿವೆ. ಎಡಗೈಯೂ ಒಂದು ಸಲಕರಣೆಯೇ.

8. ಟ್ಯೂಬ್‌ಲೈಟಿನಲ್ಲಿ ನೀಲಿ ತೀರ್ಮಾನಿಸಬೇಡಿ

ಬೆಳಿಗ್ಗೆ ಅದನ್ನು ಮತ್ತೆ ಮಾಡಬೇಕಾಗುತ್ತದೆ.

9. ಫೋನಿನಲ್ಲಿ ಕಂಡದ್ದು ಚಿತ್ರವಲ್ಲ

ಕಥನ ಇರುವ ಚಿತ್ರ ಫೋಟೋದಲ್ಲಿ ಸ್ವಲ್ಪವಾದರೂ ದಾಟಿ ಬರುತ್ತದೆ. ಅಮೂರ್ತದಲ್ಲಿ ಅಳತೆ, ಪದರ, ಮೈಯ ಹೊಳಪು ಇವೇ ವಿಷಯವಾದ್ದರಿಂದ ಅಂಗೈಯಗಲದ ಗಾಜಿನಲ್ಲಿ ಉಳಿಯುವುದು ಬರೀ ವಿನ್ಯಾಸ. ರಾಥ್ಕೊ ತನ್ನ ಆಳೆತ್ತರದ ಚಿತ್ರಗಳನ್ನು ನೆಲಕ್ಕೆ ಹತ್ತಿರವಾಗಿ, ಮಂದ ಬೆಳಕಿನಲ್ಲಿ ತೂಗಿಸಲು ಹಟ ಹಿಡಿಯುತ್ತಿದ್ದದ್ದು ನೋಡುವವನ ಮೈಯೂ ಅದರ ಮುಂದೆ ನಿಲ್ಲಬೇಕೆಂದು. ಬೆಂಗಳೂರಿಗೆ ಹೋದಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ. ಎಲ್ಲ ಕೋಣೆ ಸುತ್ತಬೇಡಿ. ಒಂದು ಚಿತ್ರ ಆರಿಸಿ, ಮುಂದಿನಿಂದ ನೋಡಿ, ಆಮೇಲೆ ಪಕ್ಕದಿಂದ, ಬೆಳಕು ಅದರ ಮೈಮೇಲೆ ಜಾರುವಂತೆ ನೋಡಿ. ಯಾವ ಬಣ್ಣ ಯಾವುದರ ಕೆಳಗಿದೆ ಎಂದು ಪಕ್ಕದ ನೋಟ ಹೇಳಿಬಿಡುತ್ತದೆ.

10. "ಇದೆಂತ?" ಎಂದವರ ಮೇಲೆ ಸಿಟ್ಟಾಗಬೇಡಿ

ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಕೂತರೆ ಬೆಳಗಿನಿಂದ ಸಂಜೆಯವರೆಗೆ ಈ ಪ್ರಶ್ನೆಯೇ. ನಮ್ಮವರ ಬಳಿ ಒಂದು ಸಿದ್ಧ ಉತ್ತರವಿದೆ: ರಾಗದ ಆಲಾಪನೆಗೆ ಅರ್ಥ ಕೇಳುತ್ತೀರಾ, ಇದಕ್ಕೇಕೆ ಕೇಳುತ್ತೀರಿ? ಕೇಳಲು ಚುರುಕಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಆಲಾಪನೆ ಕೇಳುವವನ ಕಿವಿ ಚಿಕ್ಕಂದಿನಿಂದ ದೇವಸ್ಥಾನದಲ್ಲಿ, ರೇಡಿಯೊದಲ್ಲಿ, ಯಕ್ಷಗಾನದಲ್ಲಿ ತಯಾರಾಗಿರುತ್ತದೆ. ಬಣ್ಣ ಬಣ್ಣವಾಗಿಯೇ ಇರುವುದನ್ನು ನೋಡುವ ತಯಾರಿ ಅವನಿಗೆ ಯಾರು ಕೊಟ್ಟಿದ್ದಾರೆ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವನು ಪ್ರಾಮಾಣಿಕ. ನಾನು ತಿರುಗಿ "ನಿಮಗೆ ಏನು ಕಂಡಿತು?" ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತೇನೆ.

ಪಕ್ಕದ ಮನೆಯ ಅಜ್ಜಿಯೊಬ್ಬರು ಮಜ್ಜಿಗೆ ಕೇಳಲು ಬಂದವರು ಚಾವಡಿಯಲ್ಲಿ ನಿಂತು, "ಇದೆಂತ ಮಾರಾಯಾ, ಕರೆ ಹಿಡ್ದದ್ದಾ?" ಎಂದರು. ನಾನು ಹೌದು ಅಜ್ಜಿ ಎಂದೆ. ಸ್ವಲ್ಪ ಹೊತ್ತು ನೋಡಿ, "ನಮ್ಮ ಪಾಗಾರವೂ ಹೀಂಗೇ" ಎಂದು ಹೇಳಿ ಮಜ್ಜಿಗೆ ತೆಗೆದುಕೊಂಡು ಹೋದರು. ಅವರಿಗೆ ಚಿತ್ರ ಇಷ್ಟವಾಯಿತೆಂದು ಇದರ ಅರ್ಥವಲ್ಲ. ಕರೆ ಹಿಡಿದ ಗೋಡೆಯನ್ನು ಮನೆಯೊಳಗೆ ಯಾಕೆ ತೂಗಿಸಬೇಕು ಎಂಬುದು ಅವರ ನ್ಯಾಯವಾದ ಸಂಶಯ.

11. ಸೋಫಾದ ಬಣ್ಣ

"ಚಿತ್ರ ಬಹಳ ಚೆನ್ನಾಗಿದೆ ಸಾರ್, ನಮ್ಮ ಸೋಫಾ ನೀಲಿ, ಇದರಲ್ಲಿ ಸ್ವಲ್ಪ ನೀಲಿ ಜಾಸ್ತಿ ಮಾಡಿಕೊಡಬಹುದಾ?" ಈ ಫೋನು ಎಲ್ಲರಿಗೂ ಬರುತ್ತದೆ. ಮುಗಿದ ಚಿತ್ರವನ್ನು ಮುಟ್ಟುವುದಿಲ್ಲ ಎಂದು ನಯವಾಗಿ ಹೇಳಿ, ಬೇಕಿದ್ದರೆ ಇನ್ನೊಂದನ್ನು ತೋರಿಸಿ. ಹೀಗೆ ಹೇಳುವ ಧೈರ್ಯ ಬರಬೇಕಾದರೆ ತಿಂಗಳ ದಿನಸಿ ಚಿತ್ರದಿಂದಲೇ ಬರಬೇಕೆಂಬ ಒತ್ತಡ ಇರಬಾರದು. ಪಾಠ ಹೇಳುವುದು, ಶಾಲೆಯ ಗೋಡೆಗೆ ಬರೆಯುವುದು, ಪುಸ್ತಕದ ಮುಖಪುಟ, ಯಾವುದೂ ಕೀಳಲ್ಲ. ಹಾಳೆಯ ಮೇಲೆ ಉಸಿರುಬಿಗಿಹಿಡಿದು ಗೆರೆ ಎಳೆಯುತ್ತಿದ್ದ ನಸ್ರೀನ್ ಮೊಹಮ್ಮದಿ 1972ರಿಂದ 1990ರಲ್ಲಿ ತೀರಿಕೊಳ್ಳುವವರೆಗೆ ಬರೋಡದಲ್ಲಿ ಮೇಷ್ಟರಾಗಿದ್ದರು. ಆ ಗೆರೆಗಳಲ್ಲಿ ಯಾರ ಸೋಫಾದ ನೆರಳೂ ಇಲ್ಲ.

12. ಹಿಂಬದಿಗೂ ಒಂದು ಕೆಲಸವಿದೆ

ಮುಗಿಯಿತೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತಾರೆ. ಕುರ್ಚಿಯಲ್ಲಿ ಕೂತು ಹೇಳುವ ಆ ಒಂದು ವಾಕ್ಯ ಹಲವು ದಿನ ಹುಟ್ಟದಿದ್ದರೆ ನಾನು ಕ್ಯಾನ್ವಾಸನ್ನು ತಿರುಗಿಸಿ ಹಿಂಬದಿಯ ಕೆಲಸಕ್ಕೆ ಹೋಗುತ್ತೇನೆ. ವರ್ಷ, ಅಳತೆ, ಅಕ್ರಿಲಿಕ್ಕೋ ತೈಲವೋ, ಕೆಳಗೆ ಯಾವ ನೆಲ ಹಾಕಿದೆ ಎಲ್ಲ ಬರೆಯಬೇಕು. ತೈಲವಾದರೆ ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಬೇಕು, ಆ ದಿನವನ್ನೂ ಅಲ್ಲೇ ಗುರುತು ಮಾಡಿಕೊಳ್ಳುವುದು ಒಳ್ಳೆಯದು.

ಮತ್ತೆ, ಯಾವ ಕಡೆ ಮೇಲು ಎಂದು ತೋರಿಸುವ ಬಾಣ. ನಗಬೇಡಿ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಮತೀಸ್‌ನ ದೋಣಿಯ ಚಿತ್ರವೊಂದು 47 ದಿನ ತಲೆಕೆಳಗಾಗಿ ತೂಗಿತ್ತು. ಮೊಂಡ್ರಿಯನ್ 1941ರಲ್ಲಿ ಬಣ್ಣದ ಟೇಪು ಅಂಟಿಸಿ ಮಾಡಿದ ಒಂದು ಕೃತಿ ಜರ್ಮನಿಯ ಡಸೆಲ್‌ಡಾರ್ಫ್‌ನಲ್ಲಿದೆ. ಅದು ದಶಕಗಳಿಂದ ತಲೆಕೆಳಗಾಗಿಯೇ ತೂಗುತ್ತಿದೆಯೆಂದು ಅಲ್ಲಿನ ಕ್ಯುರೇಟರ್ 2022ರಲ್ಲಿ ಹೇಳಿದರು. ಸರಿಮಾಡಲು ಹೋಗಲಿಲ್ಲ, ಒಣಗಿ ಸಡಿಲವಾದ ಟೇಪುಗಳು ಈಗಿನ ಭಾರಕ್ಕೆ ಹೊಂದಿಕೊಂಡಿವೆ, ತಿರುಗಿಸಿದರೆ ಕಳಚಿಬೀಳಬಹುದು ಎಂಬ ಹೆದರಿಕೆ. ನಾನು ಬಾಣವನ್ನು ಮರದ ಪಟ್ಟಿಯ ಮೇಲೆ ಪೆನ್ಸಿಲ್ಲಿನಲ್ಲಿ, ಎರಡು ಕಡೆ ಹಾಕುತ್ತೇನೆ. ಬಟ್ಟೆಯ ಮೇಲೆ ಮಾರ್ಕರ್ ಬೇಡ, ಶಾಯಿ ಮುಂದಕ್ಕೆ ಇಳಿದೀತು.